ಅಕ್ಕನ ಜೀವಕೋಶಗಳು

ಜೀವಕೋಶ ಬೆಳೆಸುವ ಇನ್‌ಕ್ಯುಬೇಟರಿನ ಬಾಗಿಲು ತೆರೆದರೆ ಸಾಕು, ಇಸ್ತ್ರಿಪೆಟ್ಟಿಗೆಯಡಿ ಹಬೆಯಾಡುವ ಒದ್ದೆ ಅಂಗಿಯ ವಾಸನೆ ತಂಗಿಗೆ ನೆನಪಾಗುತ್ತಿತ್ತು. ಅಮ್ಮ ಹೋದಮೇಲೆ ಅವಳ ಶಾಲೆಯ ಅಂಗಿಯನ್ನು ಅಕ್ಕ ಒಣಗಿಸುತ್ತಿದ್ದುದು ಹಾಗೆ. ಇಂದು ಬಾಗಿಲು ಆಗಲೇ ತೆರೆದಿತ್ತು. ಒಳಗೆ ಮೌನಿಯ ಕೈ.

ಮೌನಿ ಅವಳ ಜೊತೆಯ ಸಂಶೋಧಕ. ಮಾತು ಕಡಿಮೆಯೆಂದು ಲ್ಯಾಬಿನವರಿಟ್ಟ ಹೆಸರು. ಅಕ್ಕನನ್ನು ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದವನೂ ಅವನೇ. ಈಗ ಅವನ ಕೈಯಲ್ಲಿದ್ದುದು ಅಕ್ಕನ ಚರ್ಮದ ಜೀವಕೋಶಗಳ ತಟ್ಟೆ.

ಅಕ್ಕನಿಗೆ ಅಕಾಲ ಮುಪ್ಪಿನ ರೋಗ. ನಲವತ್ತು ತುಂಬುವ ಮೊದಲೇ ಹಣ್ಣು ಮುದುಕಿಯಾಗಿ ಹಾಸಿಗೆ ಹಿಡಿದಿದ್ದಳು. ಮುಪ್ಪಾದ ಜೀವಕೋಶ ಒಂದು ಎರಡಾಗುವುದನ್ನು ನಿಲ್ಲಿಸುತ್ತದೆ. ನಿಂತದ್ದನ್ನು ಮತ್ತೆ ನಡೆಸುವ ಔಷಧಿಗಾಗಿ ತಂಗಿ ಹೆಣಗುತ್ತಿದ್ದಳು. ಕೋಶಗಳಿಗೆ ಹೊತ್ತುಹೊತ್ತಿಗೆ ಪೋಷಕ ದ್ರವ ಉಣಿಸಿದವಳು, ತಾನು ಅನ್ನ ಬಿಟ್ಟು ಕಡ್ಡಿಯಾಗಿದ್ದಳು. ಹೋದ ತಿಂಗಳು, ಕೊನೆಗೂ, ಕೋಶಗಳು ಬೆಳೆಯತೊಡಗಿದವು.

ಹೇಳಿದಾಗ ಅಕ್ಕ ಅಚ್ಚರಿಪಡಲಿಲ್ಲ. "ಹಾಗಾದ್ರೆ ಇವತ್ತಾದ್ರೂ ಹೊಟ್ಟೆಗೆ ತಿಂತೀಯ ತಾನೇ?" ಎಂದಿದ್ದಳು, ಅಷ್ಟೆ.

ನಾಳೆ ಅಕ್ಕನಿಗೆ ಆ ಔಷಧಿಯ ಮೊದಲ ಚುಚ್ಚುಮದ್ದು. ಅದಕ್ಕೂ ಮುಂಚೆ ಕೋಶಗಳು ಯಾರವೆಂದು ಪರೀಕ್ಷಿಸಿ ಖಚಿತಪಡಿಸಿಕೊಳ್ಳುವುದು ರೂಢಿ. ಉತ್ತರ ಈಗ ತಾನೇ ಬಂದಿತ್ತು.

"ಗಂಡಸಿನ ಕೋಶಗಳಂತೆ ಇವು," ಎಂದಳು. "ಅಕ್ಕನವನ್ನ ಯಾರಿಗೆ ಮಾರ್ಕೊಂಡೆ?"

ಮೌನಿ ತಟ್ಟೆ ಕೆಳಗಿಟ್ಟು ಅಂಗಿಯ ತೋಳು ಸರಿಸಿದ. ಒಳತೋಳಿನಲ್ಲಿ ಮಾಯುತ್ತಿದ್ದ ಸಣ್ಣ ಗಾಯ.

"ನನ್ನವು. ಅಕ್ಕನವು ಹೋದ ತಿಂಗಳೇ ಸತ್ತುಹೋದ್ವು."

ಹಾಗಾದರೆ ಔಷಧಿ ಕೆಲಸ ಮಾಡಿರಲೇ ಇಲ್ಲ. ಅವನು ಅವಳ ತೋಳು ಹಿಡಿದು ನಡೆಸಿ, ಹೊರಗಿನ ಪಡಸಾಲೆಯ ಬೆಂಚಿನ ಮೇಲೆ ಕೂರಿಸಿದ.

"ನಂಬಿದವರ ಕುತ್ತಿಗೆ ಕೊಯ್ದೆಯಲ್ಲೋ."

ಅವನು ತನ್ನ ಚೀಲ ತಂದು ಪಕ್ಕದಲ್ಲಿ ಕೂತ.

"ಬದುಕ್ತೀಯ ಅಂತ ಮಾತು ಕೊಟ್ಟಿದ್ದೀನಿ ಅಕ್ಕನಿಗೆ. ಈಗ ಯಾವ ಬಾಯಲ್ಲಿ ಹೇಳ್ಲಿ, ಇದೆಲ್ಲ ಸುಳ್ಳು ಅಂತ?"

ಮೌನಿ ಚೀಲದಿಂದ ಊಟದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿದ.

"ಅಕ್ಕನಿಗೆ ಗೊತ್ತು. ಕೋಶ ಸತ್ತದ್ದನ್ನ ಹೇಳಿದಾಗ, ಹೀಗೆ ಮಾಡು, ಆಗಲಾದ್ರೂ ಅವಳು ತಿಂತಾಳೆ ಅಂತ ನನ್ನ ಕೈ ಹಿಡ್ಕೊಂಡು ಕೇಳಿದ್ದೇ ಅವರು," ಎಂದು ಡಬ್ಬಿಯನ್ನು ಅವಳ ಕೈಗಿತ್ತ.