ಗಂಟಲಿಗೆ ನಿಯಮವಿಲ್ಲ

ನರ್ಸಮ್ಮನ ಮೈಕ್ ಟಪ್ಪೆಂದು ಆರಿಹೋದಾಗ ಅವರ ತಿದ್ದುಪಡಿ ಇನ್ನೂ ಅರ್ಧ ಉಳಿದಿತ್ತು. ಸಮಯ ಮುಗಿದರೆ ಸದನದ ಮೈಕ್ ತಾನಾಗಿಯೇ ನಿಲ್ಲುತ್ತದೆ. ಅದಕ್ಕೆ ಯಾರ ಮುಖದಾಕ್ಷಿಣ್ಯವೂ ಇಲ್ಲ. ನಡುವಿನ ಮೇಜಿನಲ್ಲಿ ಕೂತು ಎಲ್ಲರ ಮಾತು ಬರೆದುಕೊಳ್ಳುವ ಸ್ಟೆನೋ ತಕ್ಷಣ ಪೆನ್ನು ಮೇಲೆತ್ತಿದಳು. ಸ್ಟೆನೋ ಸದನದಲ್ಲಿ ಬಾಯಿ ತೆರೆಯುವಂತಿಲ್ಲ. ಹಾಗಾಗಿ ಪೆನ್ನು ಮೇಲೆದ್ದರೆ ಕೇಳಿಸಲಿಲ್ಲ ಎಂದರ್ಥ. ಕೇಳಿಸದ್ದು ಕಡತಕ್ಕೆ ಹೋಗುವುದಿಲ್ಲ. ಕೊನೆಯ ಪದದವರೆಗೆ ಕಡತಕ್ಕೆ ಹೋಗದ ತಿದ್ದುಪಡಿ ಮತಕ್ಕೆ ಬರುವುದಿಲ್ಲ. ಅಧಿವೇಶನದ ಕಡೆಯ ದಿನ ಬೇರೆ. ಇವತ್ತು ತಪ್ಪಿದರೆ ಇನ್ನೊಂದು ಮಳೆಗಾಲವನ್ನು ಹಳೆಯ ನಿಯಮದಲ್ಲೇ ಕಳೆಯಬೇಕು.

ಹಳೆಯ ನಿಯಮವೆಂದರೆ ಇಷ್ಟೇ: ರಾಷ್ಟ್ರೀಯ ವಿಪತ್ತು ಪಡೆ ನದಿಯ ದಡಕ್ಕೇ ಬಂದು ನಿಂತಿದ್ದರೂ, ರಾಜಧಾನಿಯಿಂದ ಲಿಖಿತ ಆದೇಶ ಬರುವ ತನಕ ದೋಣಿ ನೀರಿಗಿಳಿಸುವಂತಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಹಾಗೆ. ಹಿಂದಿನ ಪ್ರವಾಹದಲ್ಲಿ ಸೇತುವೆಯ ಪಕ್ಕ ಲಾರಿಯ ಮೇಲೆ ದೋಣಿಗಳಿದ್ದವು, ಜಾಕೆಟ್ ತೊಟ್ಟು ತುದಿಗಾಲಲ್ಲಿ ನಿಂತ ಜವಾನರಿದ್ದರು. ಎದುರಿಗೆ, ಮುಳುಗುತ್ತಿದ್ದ ಮನೆಯ ಮಾಳಿಗೆಯ ಮೇಲೆ ನರ್ಸಮ್ಮನ ಅಕ್ಕ ಇದ್ದಳು. ಆದೇಶವೇನೋ ಬಂತು. ಅಷ್ಟು ಹೊತ್ತಿಗೆ ಮಾಳಿಗೆ ಇರಲಿಲ್ಲ. ಆಸ್ಪತ್ರೆಯ ಕೆಲಸ ಬಿಟ್ಟು ನರ್ಸಮ್ಮ ಚುನಾವಣೆಗೆ ನಿಂತದ್ದು, ಗೆದ್ದು ಇಲ್ಲಿಗೆ ಬಂದದ್ದು, ಎಲ್ಲ ಈ ಒಂದು ನಿಯಮವನ್ನು ತೆಗೆಸಲಿಕ್ಕೆ.

ಮೈಕ್ ಹೋದರೂ ಅವರು ಓದು ನಿಲ್ಲಿಸಲಿಲ್ಲ. ಆದರೆ ವಾರ್ಡಿನಲ್ಲಿ ಮಲಗಿದವರಿಗೆ ಎಚ್ಚರವಾಗದಂತೆ ಮಾತಾಡಿ ಮಾತಾಡಿ ಪಳಗಿದ ದನಿ ಅದು, ಏರು ಎಂದರೆ ಎಲ್ಲಿಗೆ ಏರೀತು? ಸಾಲದ್ದಕ್ಕೆ ಅವರದೇ ಪಕ್ಷದವರು ಮೇಜು ಕುಟ್ಟತೊಡಗಿದರು. ಹಿಂದಿನ ಸಾಲಿನಿಂದ ಪಕ್ಷದ ಸಚೇತಕರು ಬಗ್ಗಿ, "ಕೂತ್ಕೊಳ್ಳಮ್ಮಾ, ಸಾಕು. ನಮ್ಮ ಸರ್ಕಾರದ ಮಾನ ನೀವೇ ಕಳೀಬೇಕಾ?" ಎಂದರು. ನರ್ಸಮ್ಮ ಗಂಟಲು ಹರಿಯುವಂತೆ ಓದಿದರು. ಪೆನ್ನು ಕೆಳಗಿಳಿಯಲಿಲ್ಲ.

ಅಷ್ಟರಲ್ಲಿ ವಿರೋಧ ಪಕ್ಷದ ಸಾಲಿನಿಂದ ಗುಡುಗು ಎದ್ದರು. ಆ ಹಿರಿಯ ಸದಸ್ಯರಿಗೆ ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು. ಅದನ್ನು ಮರೆಸುವಂಥ ದನಿ ಅವರದು. ನರ್ಸಮ್ಮನಿಗೂ ಅವರಿಗೂ ಮೊದಲ ದಿನದಿಂದ ಎಣ್ಣೆ ಸೀಗೆಕಾಯಿ. "ಮೇಡಮ್ ಭಾಷಣ ಮಾಡ್ತಿದ್ದಾರೋ, ಜೋಗುಳ ಹಾಡ್ತಿದ್ದಾರೋ?" ಎಂದು ಹಿಂದೊಮ್ಮೆ ಕೇಳಿ ಇಡೀ ಸದನವನ್ನು ನಗಿಸಿದವರು. ಮುಗಿಯಿತು ಎಂದುಕೊಂಡರು ನರ್ಸಮ್ಮ.

"ಮೇಡಮ್, ಮೈಕ್ ಹೋದ ಸಾಲಿಂದ ಇನ್ನೊಂದ್ಸಲ ಹೇಳಿ," ಎಂದರು ಗುಡುಗು.

ಅವರು ಹೇಳಿದರು.

"ಪಡೆಯ ಮುಖ್ಯಸ್ಥ ಸ್ಥಳದಲ್ಲಿರುವಾಗ ನಿರ್ಧಾರವೂ ಸ್ಥಳದಲ್ಲೇ ಆಗತಕ್ಕದ್ದು!" ಗುಡುಗು ಗುಡುಗಿದರು. ಮೇಜು ಕುಟ್ಟುವ ಸದ್ದು ಎಲ್ಲಿ ಹೋಯಿತೋ. ಸ್ಟೆನೋಳ ಪೆನ್ನು ಕಾಗದಕ್ಕಿಳಿದು ಓಡಿತು.

ಸಚೇತಕರು ಚಂಗನೆ ಎದ್ದರು. "ಅಧ್ಯಕ್ಷರೇ, ಒಬ್ಬರ ಮಾತನ್ನ ಇನ್ನೊಬ್ಬರು ಹೇಳೋದಕ್ಕೆ ನಿಯಮ ಎಲ್ಲಿದೆ?"

ಸಭಾಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. "ಮೈಕಿಗೆ ನಿಯಮ ಇದೆ. ಗಂಟಲಿಗೆ ಇಲ್ಲ. ಮುಂದುವರಿಸಿ."

ಆಮೇಲೆ ನಡೆದದ್ದನ್ನು ಆ ಸದನ ಹಿಂದೆ ಕಂಡಿರಲಿಲ್ಲ. ನರ್ಸಮ್ಮ ಒಂದು ಸಾಲು ಹೇಳುವುದು, ಗುಡುಗು ಅದನ್ನು ಮೂಲೆಮೂಲೆಗೆ ಮುಟ್ಟಿಸುವುದು. ಒಂದು ಲೋಟ ನೀರು ಕೇಳುವಾಗಲೂ ಸರ್ಕಾರಕ್ಕೊಂದು ಕುಟುಕು ಸೇರಿಸುವ ಮನುಷ್ಯ, ತನ್ನದೆಂದು ಒಂದೇ ಒಂದು ಪದ ಸೇರಿಸಲಿಲ್ಲ. ಹಣೆಯಲ್ಲಿ ಬೆವರಿಳಿಯುತ್ತಿತ್ತು, ದನಿ ಒಡೆಯುತ್ತಿತ್ತು, ಆದರೂ ಬಿಡಲಿಲ್ಲ. ನರ್ಸಮ್ಮನಿಗೆ ಮೆಚ್ಚುಗೆಯಿಂದ ಕಣ್ಣು ತುಂಬಿತು. ಇಂಥವರನ್ನು ಇಷ್ಟು ದಿನ ಬರೀ ಬಾಯಿಬಡುಕ ಎಂದುಕೊಂಡಿದ್ದೆನಲ್ಲ ಎನ್ನಿಸಿತು.

ಕಡೆಯ ಸಾಲು ಉಳಿಯಿತು. ನರ್ಸಮ್ಮ ಹಾಳೆ ನೋಡಿದರು. ಅಕ್ಷರಗಳ ಜಾಗದಲ್ಲಿ ಮಾಳಿಗೆ ಕಂಡಿತು, ಅಕ್ಕ ಬೀಸುತ್ತಿದ್ದ ಸೆರಗು ಕಂಡಿತು. ಬಾಯಿ ತೆರೆದರೆ ಉಸಿರಷ್ಟೇ ಬಂತು. ಪೆನ್ನು ಮೆಲ್ಲನೆ ಮೇಲೆದ್ದಿತು.

ಗುಡುಗು ತಮ್ಮ ಜಾಗ ಬಿಟ್ಟು, ನಡುವಿನ ದಾರಿ ದಾಟಿ, ಅವರ ಮೇಜಿನ ಬಳಿ ಬಂದು ಬಗ್ಗಿದರು. ಅವರೊಳಗೆ ಅಷ್ಟು ಸಣ್ಣ ದನಿಯೂ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ.

"ಹೇಳಮ್ಮ. ಅವತ್ತು ಆಚೆ ದಡದಲ್ಲಿ ನಾನಿದ್ದೆ. 'ದೋಣಿ ಬಂತು ತಾಯಿ, ಗಟ್ಟಿಯಾಗಿ ಹಿಡ್ಕೊಳ್ಳಿ' ಅಂತ ನಿಮ್ಮಕ್ಕನಿಗೆ ಕೂಗಿ ಹೇಳ್ತಾ ಇದ್ದವನು ನಾನೇ. ಅವರಿಗೆ ಕೇಳಿಸ್ತಿತ್ತು. ತಲೆ ಆಡಿಸಿದ್ರು. ನನ್ನ ಮಾತು ನಂಬಿದ್ರು, ಕಣಮ್ಮ."

ನರ್ಸಮ್ಮ ಅವರ ಮುಖವನ್ನೇ ನೋಡಿದರು. ಹಾಳೆಯನ್ನು ಮೇಜಿನ ಮೇಲಿಟ್ಟು ನೆಟ್ಟಗೆ ನಿಂತರು.

"ನೀರಿನಲ್ಲಿ ಜೀವ ಕಂಡ ಕೂಡಲೇ ದೋಣಿ ಇಳಿಯತಕ್ಕದ್ದು, ಆದೇಶ ಅದರ ಹಿಂದೆ ಬರತಕ್ಕದ್ದು."

ಅದೇ ವಾರ್ಡಿನ ದನಿ. ಗುಡುಗು ಮತ್ತೆ ಹೇಳಲೆಂದು ಎದೆ ತುಂಬ ಉಸಿರೆಳೆದುಕೊಂಡರು. ಸ್ಟೆನೋ ಬರೆಯುತ್ತಲೇ, ತಲೆ ಎತ್ತದೆ, ಎಡಗೈ ಅಡ್ಡ ಹಿಡಿದಳು.

"ಬೇಡ ಸಾರ್," ಎಂದಳು. "ಕೇಳಿಸ್ತು."