ಕಾವೇರಮ್ಮನ ಕೈ

“ಬೀಡಿ ಕಟ್ಟುವುದು ನಿಲ್ಲಿಸಬೇಡಿ ಅಂದೆನಲ್ಲ!” ಹನೀಫಾ ರೇಗಿದ. ಚಿತ್ರ ಬಿಡಿಸಲು ಬಂದವನಿಗೆ ಬೇಕಾದದ್ದು ಕಾವೇರಮ್ಮನ ಮುಖವಲ್ಲ, ಎಲೆ ಸುತ್ತುವ ಆ ಬೆರಳುಗಳು. ಗುರುವಾಯನಕೆರೆಯಿಂದ ಬಿಸಿಲಲ್ಲಿ ನಡೆದು, ದಾರಿಯಲ್ಲಿ ಬಿಡಿಸಿದ ಮೂರು ಹಾಳೆ ಹರಿದು ಹಾಕಿ, ಲಾಯಿಲದ ಈ ಜಗಲಿಗೆ ಬಂದು ಕೂತಿದ್ದ. ಈ ಹೆಂಗಸೋ, ಅವನು ಪೆನ್ಸಿಲ್ ಎತ್ತಿದ ಕೂಡಲೇ ಎಲೆ, ಹೊಗೆಸೊಪ್ಪು ತುಂಬಿದ ಮೊರದಂಥ ತಡ್ಪೆಯನ್ನು ಬದಿಗೆ ಸರಿಸಿ, ಸೆರಗು ಸರಿಮಾಡಿ, ಫೋಟೋ ತೆಗೆಸುವವಳ ಹಾಗೆ ಕೈಗಳನ್ನು ಮಡಿಲಲ್ಲಿಟ್ಟು ಕೂತುಬಿಟ್ಟಳು.

“ನೀನೂ ಅದನ್ನೇ ಹೇಳು!” ಕಾವೇರಮ್ಮ ತಿರುಗಿಬಿದ್ದಳು. “ಆರನೇ ಕ್ಲಾಸು ಬಿಟ್ಟಂದಿನಿಂದ ಕಟ್ತಾ ಇದ್ದೇನೆ. ಬೇಗ ಕಟ್ಟು, ಬೀಡಿ ಕಂಪನಿಯ ಬ್ರಾಂಚಿಗೆ ಕೊಡುವ ಹೊತ್ತಾಯ್ತು ಅಂತ ಎಲ್ಲರೂ ಹೇಳುವವರೇ. ಸಾಕು, ಕೂತ್ಕೋ ಅಂತ ಒಬ್ಬ ಹೇಳಿದ್ದಿಲ್ಲ. ನಿನ್ನ ಕಾಗದದಲ್ಲಾದರೂ ಸುಮ್ಮನೆ ಕೂರಿಸು ಮಾರಾಯ.”

ಹನೀಫಾನಿಗೂ ಸಾಕಾಗಿತ್ತು. ಹೊಸ ಹಾಳೆ ತಿರುವಿದ. “ಆಯ್ತು. ಆದರೆ ಕೈ ಅಲ್ಲಾಡಿಸಬಾರದು.”

“ಎಲ್ಲಿ ಅಲ್ಲಾಡಿಸ್ತಾ ಇದ್ದೇನೆ? ನಿನಗೆ ಕಣ್ಣು ಕಾಣುವುದಿಲ್ಲವಾ?”

ಅವನು ನೋಡಿದ. ಮಡಿಲಲ್ಲಿದ್ದ ಖಾಲಿ ಬೆರಳುಗಳು ಇಲ್ಲದ ಎಲೆಯನ್ನು ಸುತ್ತುತ್ತಲೇ ಇದ್ದವು. ಹೆಬ್ಬೆರಳು ಹೊರಳುತ್ತಿತ್ತು, ತೋರುಬೆರಳು ತುದಿ ಮಡಚುತ್ತಿತ್ತು. ಅವಳಿಗೆ ಅದು ಗೊತ್ತೇ ಇರಲಿಲ್ಲ. ಅವನು ಅಷ್ಟು ದೂರ ನಡೆದು ಬಂದದ್ದೇ ಇದಕ್ಕೆ.

“ಇಲ್ಲ ಅಮ್ಮ, ಅಲ್ಲಾಡ್ತಾ ಇಲ್ಲ,” ಎಂದು ಹೇಳಿ, ಹನೀಫಾ ಕಾಗದದಲ್ಲಿ ಆ ಕೈಗಳನ್ನು ಸುಮ್ಮನೆ ಕೂರಿಸಿ ಬರೆದ.