ಮನೆಗೆ ಕರ್ಕೊಂಡು ಹೋಗಿ

"ನಾವು ಮಾಡೋದೆಲ್ಲ ಮಾಡಿದ್ದೀವಿ. ಮನೆಗೆ ಕರ್ಕೊಂಡು ಹೋಗಿ. ಆಸೆಪಟ್ಟಿದ್ದು ತಿನ್ನೋಕೆ ಕೊಡಿ," ಎಂದು ಡಾಕ್ಟರು ಕಂಪ್ಯೂಟರಿನಿಂದ ಮುಖ ಎತ್ತದೆ ಹೇಳಿದರು. ಅವ್ವನನ್ನು ಆಸ್ಪತ್ರೆಗೆ ಸೇರಿಸಿದ್ದ ಕನಕರಾಜನಿಗೆ ಅದರಿಂದಾಚೆಗೆ ಏನೂ ಕೇಳಿಸಲಿಲ್ಲ. ಐದು ವರ್ಷದ ಕೆಳಗೆ ಅಪ್ಪ ರೇವಣಸಿದ್ದಪ್ಪನ ವಿಷಯದಲ್ಲೂ ಇನ್ನೊಬ್ಬ ಡಾಕ್ಟರು ಇದೇ ಮೂರು ಮಾತು ಆಡಿದ್ದರು. ಹನ್ನೊಂದನೇ ದಿನಕ್ಕೆ ಅಪ್ಪ ಮಣ್ಣಾಗಿದ್ದ. ಅಲ್ಲಾ, ಬಿಡಿಸಿ ಒಂದು ಮಾತು ಕೇಳಬಾರದಿತ್ತೇ ಈ ಪುಣ್ಯಾತ್ಮ? ಕೇಳಲಿಲ್ಲ. ಡಾಕ್ಟರು ಚಾಚಿದ ಚೀಟಿಯನ್ನೂ ಮೇಜಿನ ಮೇಲೆಯೇ ಬಿಟ್ಟು ಎದ್ದು ಬಂದ.

ಹೊರಗೆ ನಿಲ್ಲಲಾಗಲಿಲ್ಲ, ಕೂರಲಾಗಲಿಲ್ಲ. ಆಸ್ಪತ್ರೆಯ ಮೆಟ್ಟಿಲು ಇಳಿದ, ಹತ್ತಿದ, ಮತ್ತೆ ಇಳಿದ. ಕೊನೆಗೆ ಹಿರಿಯೂರಿನಲ್ಲಿದ್ದ ತಂಗಿ ರೋಜಾಳಿಗೆ ಫೋನು ಹಚ್ಚಿದ. ಮೂರು ವರ್ಷದಿಂದ ಅವಳು ತವರಿನ ಕಡೆ ತಲೆ ಹಾಕಿರಲಿಲ್ಲ. ತಾನು ಮೆಚ್ಚಿದವನನ್ನು ಮದುವೆಯಾದ ದಿನ ಅವ್ವ, "ಇನ್ನು ನನ್ನ ಹೆಣ ನೋಡಾಕೆ ಬಾ, ಅಲ್ಲೀತನಕ ಬರಬ್ಯಾಡ" ಅಂದುಬಿಟ್ಟಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಗಳದೂ ಅವ್ವನದೇ ಹಟ, ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡು ಕೂತಿದ್ದಳು.

"ಅವ್ವನ್ನ ಮನೆಗೆ ಕರ್ಕಂಡು ಹೋಗ್ರಿ ಅಂದವ್ರೆ ಕಣಮ್ಮ."

ಆ ಕಡೆಯಿಂದ ಬಹಳ ಹೊತ್ತು ಬರೀ ಅಳು. ಆಮೇಲೆ, "ಈಗಲೇ ಬಸ್ ಹತ್ತೀನಿ ಅಣ್ಣ."

ಇನ್ನೂ ಅರ್ಧ ಗಂಟೆ ಹಾಗೇ ಸುತ್ತಾಡಿ, ಮುಖ ತೊಳೆದುಕೊಂಡು ವಾರ್ಡಿಗೆ ಹೋದ. ಎದೆಯಲ್ಲಿ ಕಫ ಕಟ್ಟಿ ಒಂಬತ್ತು ದಿನದಿಂದ ಅಲ್ಲಿದ್ದ ಅವ್ವ ಏಕನಾಥಮ್ಮ ಮಂಚದ ಮೇಲೆ ಎದ್ದು ಕೂತಿದ್ದಳು.

"ಏನಂದ್ರಪ್ಪ ಡಾಕ್ಟ್ರು?"

"ಏನಿಲ್ಲವ್ವ, ಮನೆಗೆ ಹೋಗಾಣ. ಏನು ತಿನ್ನಬೇಕು ಅನ್ನಿಸ್ತೈತೆ ಹೇಳು."

ಮುದುಕಿಗೆ ಅಷ್ಟೇ ಸಾಕಾಯಿತು. ಸಾಯುವ ಮುಂಚೆ ಗಂಡನನ್ನೂ ಅವಳೇ ಹೀಗೆ ಕೇಳಿದ್ದಳಲ್ಲ. "ನಿಮ್ಮಪ್ಪ ಕೋಳಿಸಾರು ಕೇಳಿದ್ದ," ಅಂದಳು. "ನಂಗೇನೂ ಬ್ಯಾಡ. ರೋಜಾನ್ನ ಒಂದು ಸಲ ಕಣ್ಣಿಗೆ ತೋರ್ಸು."

"ಬರ್ತಾವ್ಳೆ."

"ನಿಜವಾ?" ಮೂರು ಸಲ ಕೇಳಿದಳು. ಕೇಳುತ್ತಲೇ ಕೂದಲು ಒತ್ತಿಕೊಂಡು ತುರುಬು ಕಟ್ಟಿಕೊಂಡಳು.

ಅಷ್ಟರಲ್ಲಿ ನರ್ಸ್ ರೇಣುಕಾ ಚೀಟಿ ಹಿಡಿದುಕೊಂಡು ದಡಬಡ ಬಂದಳು. "ಚೀಟಿ ಬಿಟ್ಟು ಬಂದೀರಲ್ರಿ! ಇನ್ನೂ ಐದು ದಿನ ಮಾತ್ರೆ ನುಂಗಿಸ್ಬೇಕು. ತಪ್ಪಿಸಿದ್ರೆ ಮತ್ತೆ ಇಲ್ಲಿಗೇ ಬರ್ತೀರ."

"ಇನ್ಯಾಕೆ ಮಾತ್ರೆ ಮೇಡಂ," ಎಂದ ಕನಕರಾಜ. "ಡಾಕ್ಟ್ರೇ ಮನೆಗೆ ಕರ್ಕಂಡು ಹೋಗ್ರಿ ಅಂದ್ರಲ್ಲ."

"ಅಯ್ಯೋ ಶಿವನೇ! ಗುಣ ಆದೋರನ್ನ ಇಲ್ಲೇ ಇಟ್ಕಂತಾರೇನ್ರಿ? ಕಫ ಎಲ್ಲ ಹೋಗೈತೆ, ನಿಮ್ಮವ್ವ ಹುಷಾರಾಗವ್ರೆ!"

ಕನಕರಾಜ ಅಲ್ಲೇ ನೆಲದ ಮೇಲೆ ಕುಕ್ಕರಿಸಿದ. ಅಷ್ಟು ದೊಡ್ಡ ಗಂಡಸು, ನಾಚಿಕೆಯಿಲ್ಲದೆ ಗೋಳೋ ಅಂತ ಅತ್ತ, ಅಳುತ್ತಲೇ ನಕ್ಕ. ಚೀಟಿಯನ್ನು ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟುಕೊಂಡ. ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು.

"ರೋಜಾ! ಅರ್ಧ ದಾರಿ, ಐಮಂಗಲದ ಹತ್ರ ಬಂದಿರ್ಬೇಕು. ಪಾಪ, ಅತ್ಕಂತ ಬರ್ತಿರ್ತಾಳೆ, ಹೇಳ್ಬಿಡ್ತೀನವ್ವ."

ಅವ್ವ ಅವನ ಮುಂಗೈ ಹಿಡಿದಳು. ಹರೆಯದಲ್ಲಿ ಟಗರಿನ ಕೊಂಬು ಹಿಡಿದು ನಿಲ್ಲಿಸಿದ್ದ ಕೈ ಅದು, ಬಿಡಿಸಿಕೊಳ್ಳಲಾಗಲಿಲ್ಲ. ಕಟ್ಟಿಕೊಂಡಿದ್ದ ತುರುಬು ಬಿಚ್ಚಿ ಹಾಕಿ, ಹೊದಿಕೆಯನ್ನು ಗದ್ದದ ತನಕ ಎಳೆದುಕೊಂಡು ಮಲಗಿದಳು.

"ಲೇ, ಹುಷಾರಾಗೈತೆ ಅಂತ ಮಾತ್ರ ಅನ್ನಬ್ಯಾಡ. ದಾರ್ಯಾಗೇ ಇಳಿದು ವಾಪಸ್ ಹೋಗ್ತಾಳೆ."